ಮೂವತ್ತೇಳಕ್ಕ ಸಿ

ಸೂಪರ್ ಮಾರ್ಕೆಟಿನ ಹಿಂದ, ರದ್ದಿ ಅಂಗಡ್ಯಾಗ
ತಕ್ಕಡಿಗೆ ಹಾಕಿ ಕೊಟ್ಟ ಪುಸ್ತಕ:
ಒಂದು ಕಿಲೋ ಇನ್ನೂರು ಗ್ರಾಂ, ನಲವತ್ತೆಂಟು ರೂಪಾಯಿ.
ಗೇಟ್ ಪರೀಕ್ಷೆ, ಕಂಪ್ಯೂಟರ್ ಸೈನ್ಸ್, ಮಾದರಿ ಲೆಕ್ಕಗಳು.
ರಟ್ಟು ಹರಿದಾದ. ಒಳಗ ಪೆನ್ಸಿಲಿನ ಹೆಸರು:
ತಸ್ಕೀನ್ ಫಾತಿಮಾ, ರೋಜಾ, ಗುಲಬರ್ಗಾ.
ಆಗಿನ್ನೂ ಊರು ಕಲಬುರಗಿ ಆಗಿರಲಿಲ್ಲ.

ಹಗಲೆಲ್ಲ ನಾನು ನಂದೂರಿನ ದಾಲ್ ಮಿಲ್ಲಿನ್ಯಾಗ
ಲಾರಿ ಬಂದದ್ದು, ತೂಗಿದ್ದು, ಹೋದದ್ದು ಬರೀತೀನಿ.
ಮೊದಲು ಬಂದದ್ದು ಮೊದಲು ಅನ್ನೋದು ಪುಸ್ತಕದ ಮಾತು.
ನಮ್ಮ ಗೇಟಿನ ಮುಂದ ಸೇಠರ ಲಾರಿ ಬಂತಂದ್ರ
ಸಾಲು ತಾನಾ ದಾರಿ ಬಿಡ್ತದ.

ರಾತ್ರಿ ಹತ್ತಕ್ಕ, ಕೂದಲಾಗಿನ ತೊಗರಿ ಧೂಳ ಝಾಡಿಸಿ
ಪಡಸಾಲ್ಯಾಗ ಕುಂಡರ್ತೀನಿ.
ತಸ್ಕೀನ್ ನನಗಿಂತ ಮೊದಲಾ ಬಂದು ಕುಂತಿರ್ತಾಳ, ಪುಟದ ಅಂಚಿನ್ಯಾಗ.
ಅರ್ಧ ಕನ್ನಡ, ಅರ್ಧ ಉರ್ದು.
ಉರ್ದು ನನಗ ಬರಂಗಿಲ್ಲ; ಬಲದಿಂದ ಎಡಕ್ಕ ಹೊಂಟ
ಬಾಣದ ಗುರುತಷ್ಟ ತಿಳೀತಾವ.
ನೂರಾ ನಲವತ್ತನೇ ಪುಟದಾಗ ಚಹಾದ ಉಂಗುರ.
ಇನ್ನೊಂದು ಕಡೆ, ಲೆಕ್ಕ ಅರ್ಧಕ್ಕ ನಿಂತು:
"ಅಮ್ಮೀ ಕರೀಲಕತ್ತಾಳ."
ಮುಂದಿನ ಅರ್ಧ ನಾ ಮಾಡಿದೆ.

ಮೂವತ್ತೇಳನೇದು ಸಣ್ಣ ಲೆಕ್ಕ.
ಫೋರ್ಕ್ ಮೂರು ಸಲ, ಒಂದರ ಕೆಳಗೊಂದು.
ಹುಟ್ಟೋ ಮಕ್ಕಳು ಎಷ್ಟು?
ಎ ಮೂರು. ಬಿ ಆರು. ಸಿ ಏಳು. ಡಿ ಎಂಟು.

"ಯಾರ ಮಕ್ಕಳಾ, ನೀಲಗಂಗಾ?" ಅಂದಳು ಅವ್ವ, ರೊಟ್ಟಿ ಬುಟ್ಟಿ ಮುಚ್ಚಿ.
"ಮೂರು ಸಲ ಹಡದ್ರ ಮೂರು. ಅದಕ್ಯಾಕ ಪುಸ್ತಕ?"
"ಹುಟ್ಟಿದ ಕೂಸೂ ನಿಂತ ಜಾಗದಾಗಿಂದ
ಹಡೀಲಿಕ್ಕ ಸುರು ಮಾಡ್ತದವ್ವಾ."
"ಹಂಗಾರ ಅದು ಮನಿ ಅಲ್ಲ, ಓಣಿ"
ಅಂದು ಮಗ್ಗಲಾ ಹೊಳ್ಳಿದಳು.

ಕಡೀ ಪುಟದ ಉತ್ತರಪಟ್ಟಿ ಹೇಳ್ತದ: ಮೂವತ್ತೇಳು, ಡಿ.
ತಸ್ಕೀನ್ ಸಿ ಹಾಕ್ಯಾಳ. ಬಾಜೂಕ ಸಣ್ಣಗ:
"ತಾಯಿನೂ ಎಣಿಸ್ತಾರೇನು?"
ಆಮ್ಯಾಲ ತನ್ನ ಉತ್ತರದ ಮ್ಯಾಲ ತಾನಾ ಅಡ್ಡಗೀರು ಎಳದು
ಒಂದು ಅಂಕದ ಮೂರನೇ ಪಾಲು ಕಳದಾಳ.
ಒಟ್ಟು: ಮೂವತ್ತೊಂದು ಪಾಯಿಂಟ್ ಆರು ಏಳು.

ನಾನೂ ಮೊದಲು ಡಿ ಅಂದಿದ್ದೆ.
ಅಚ್ಚಾದ ಅಕ್ಷರ ಸುಳ್ಳಾಡ್ತಾವಂತ ನಮಗ ಯಾರು ಕಲಿಸ್ಯಾರ?

ಹಾಳಿ ಸಾಲಲಿಲ್ಲ. ಸೀಮೆಸುಣ್ಣ ತಗೊಂಡು ನೆಲಕ್ಕಿಳದೆ.
ನಮ್ಮ ಮನ್ಯಾಗಿನ ಶಹಾಬಾದ ಕಲ್ಲು ಒಂದರಂಗ ಒಂದಿಲ್ಲ,
ಆದ್ರೂ ಗಿಡ ಬೆಳೀತು: ಒಂದು ಕಲ್ಲಿನ್ಯಾಗ ಒಂದು,
ಕೆಳಗ ಎರಡು, ಅದರ ಕೆಳಗ ನಾಕು,
ಕಡೀ ಟೊಂಗಿ ಅವ್ವನ ಹಾಸಿಗಿ ತನಕ.
ಎಂಟು.
ಎಂಟು ಜನದಾಗ ಒಬ್ಬಾಕಿ ಮಾತ್ರ ಹುಟ್ಟಿದಾಕಿ ಅಲ್ಲ,
ಮೊದಲಿಂದಾ ಇದ್ದಾಕಿ.

ಎಣಿಸಂಗಿಲ್ಲ, ತಸ್ಕೀನ್. ಕೇಳಿದ್ದು ಮಕ್ಕಳನ್ನ.

ಮಿಲ್ಲಿನ ಕೆಂಪು ಪೆನ್ನು ತಗದು ಅಡ್ಡಗೀರಿಗೆ ಅಡ್ಡಗೀರು ಹಾಕಿದೆ.
ಕಳದದ್ದು ತಿರುಗಿ ಕೊಟ್ಟೆ, ಬರಬೇಕಾದ ಒಂದೂ ಕೊಟ್ಟೆ.
ಮೂವತ್ಮೂರು.
ಹತ್ತು ವರ್ಷ ದಾಟಿ, ಸಹಿ ಇಲ್ಲದ ಮರುಮೌಲ್ಯಮಾಪನ.
ಆಕಿ ಅಸಲಿ ಪರೀಕ್ಷೆ ಬರದಳೋ, ಎಷ್ಟು ಬಿತ್ತೋ,
ರದ್ದಿಯಂವಗ ಕೇಳಿದ್ರ ತಕ್ಕಡಿ ತೋರಿಸಿದ.

ಮುಂಜಾನಿ ಅವ್ವ ನೆಲ ಒರೆಸಿದಳು.
ಒದ್ದಿ ಕಲ್ಲಿನ ಮ್ಯಾಲ ಗಿಡ ಇಲ್ಲ, ಮಕ್ಕಳಿಲ್ಲ,
ಮೋಡದಂಥ ಬೂದು ಬಣ್ಣ ಅಷ್ಟ.
ಚಹಾ ಕುಡದು, ಡಬ್ಬಿ ಕಟ್ಟಿ, ಚಪ್ಪಲ್ ಹುಡುಕೂದ್ರಾಗ
ಫ್ಯಾನಿನ ಗಾಳಿಗೆ ಕಲ್ಲು ಒಣಗಿ
ಒಂದೊಂದಾ ಟೊಂಗಿ ತೆಳ್ಳಗ ಎದ್ದು ಬರಲಕತ್ತಿತು.
ಅವ್ವ ಬಾಗಲದಾಗ ನಿಂತು, ಬಟ್ಟಿ ಹಿಂಡಕೋತ,
ತುಟಿ ಅಲುಗಿಸದಾ ಎಣಿಸ್ಲಕತ್ತಿದ್ದಳು.

ಮೂವತ್ತೆಂಟು ಇನ್ನಾ ಸುರು ಮಾಡಿಲ್ಲ.